ಮೇಜಿ ಯುಗದ ಮಕ್ಕಳ ಭೂಗೋಳಪಾಠ

ಒಂದು ದೇಶದ ಮಕ್ಕಳಿಗೆ ಇನ್ನೊಂದು ದೇಶದ ನೆಲ, ಜನ, ಊಟ, ಉಡುಗೆಗಳ ಪರಿಚಯವನ್ನು ಮಾಡಿಕೊಡುವುದು ಇಂದಿನ ಪಾಠಶಾಲೆಗಳಲ್ಲಿ ತೀರ ಸಾಮಾನ್ಯವಾದ ಕೆಲಸ. ಅದನ್ನು ಸಾಹಸವೆಂದು ಯಾರೂ ಎಣಿಸುವುದಿಲ್ಲ. ಆದರೆ ಸ್ವದೇಶವನ್ನು ಬಿಟ್ಟು ಹೊರಡುವುದೂ, ಹೊರಟವನು ಹಿಂದಿರುಗುವುದೂ ಮರಣದಂಡನೆಗೆ ಯೋಗ್ಯವಾದ ಅಪರಾಧಗಳೆಂದು 1635ರಲ್ಲಿ ಸಾರಿದ ರಾಜ್ಯವೊಂದರಲ್ಲಿ, ಆ ಕಟ್ಟಳೆಯು ಸಡಿಲವಾದ ಮೂರೇ ವರ್ಷಗಳಲ್ಲಿ, ಭೂಮಂಡಲದ ಎಲ್ಲ ಖಂಡಗಳನ್ನೂ ಮಕ್ಕಳ ಬಾಯಲ್ಲಿ ಹಾಡಾಗಿ ಹರಿಯಿಸಿದ ಗ್ರಂಥವೊಂದು ಹುಟ್ಟಿತೆಂಬುದು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಆಶ್ಚರ್ಯಕರವಾದ ಸಂಗತಿಯೇ ಸರಿ. ಆ ರಾಜ್ಯವು ಜಪಾನು. ವಿದೇಶಯಾತ್ರೆಯ ನಿಷೇಧವು ಅಲ್ಲಿ ತೊಲಗಿದುದು 1866ರಲ್ಲಿ. ಫುಕುಜಾವ ಯುಕಿಚಿಯ 'ಸೆಕಾಯಿ ಕುನಿಜುಕುಷಿ' ಎಂಬ ಪದ್ಯರೂಪವಾದ ಭೂಗೋಳವು ಅಚ್ಚಾದುದು 1869ರಲ್ಲಿ. ಈ ಪುಸ್ತಕವು ಮಕ್ಕಳಿಗೆ ಏನನ್ನು ಕಲಿಸಿತು, ಹೇಗೆ ಕಲಿಸಿತು, ಕಲಿಸುತ್ತ ಮತ್ತೇನನ್ನು ಅವರ ಮನಸ್ಸಿನಲ್ಲಿ ಬಿತ್ತಿತು ಎಂಬುದು ವಿಚಾರಕ್ಕೆ ತಕ್ಕ ವಿಷಯ.

ಜಪಾನು ಈ ನಡುವಣ ಎರಡು ಶತಮಾನಗಳಲ್ಲಿ ಹೊರಪ್ರಪಂಚವನ್ನು ಅರಿಯದೆ ಕುರುಡಾಗಿತ್ತೆಂದು ಹೇಳುವುದು ವಾಡಿಕೆ. ಅದು ಅರ್ಧಸತ್ಯ. ನಾಗಸಾಕಿಯ ಬಂದರಿನಲ್ಲಿ ದೆಜಿಮವೆಂಬ ಕೃತಕ ದ್ವೀಪವೊಂದರಲ್ಲಿ 1641ರಿಂದ ಡಚ್ಚರ ಕೋಠಿಯಿತ್ತು. ಅವರೊಡನೆ ಮಾತನಾಡುವುದಕ್ಕೆ ವಂಶಪಾರಂಪರ್ಯವಾಗಿ ಬಂದ ದುಭಾಷಿಗಳ ಮನೆತನಗಳಿದ್ದುವು. 1695ರಲ್ಲಿಯೇ ನಾಗಸಾಕಿಯ ನಿಷಿಕಾವ ಜೋಕೆನ್ ಎಂಬವನು ಪರದೇಶಗಳ ವ್ಯಾಪಾರ ವಿಚಾರವಾಗಿ ಗ್ರಂಥ ಬರೆದನು. 1708ರಲ್ಲಿ ಕಳ್ಳತನದಿಂದ ನೆಲವನ್ನು ಮೆಟ್ಟಿ ಸೆರೆಸಿಕ್ಕಿದ ಸಿದೋತ್ತಿಯೆಂಬ ಇಟಲಿಯ ಪಾದ್ರಿಯನ್ನು ವಿಚಾರಣೆಮಾಡಿದ ಪಂಡಿತ ಅರಾಯಿ ಹಾಕುಸೆಕಿಯು, ಅವನ ಬಾಯಿಂದ ಕೇಳಿದುದನ್ನೆಲ್ಲ ಸಂಗ್ರಹಿಸಿ ಯೂರೋಪಿನ ವೃತ್ತಾಂತವನ್ನು ರಚಿಸಿದನು. ಕೈದಿಯನ್ನು ಪ್ರಶ್ನಿಸುತ್ತ ಭೂಗೋಳವನ್ನು ಕಲಿತವರು ಲೋಕದಲ್ಲಿ ವಿರಳ! 1720ರಲ್ಲಿ ಕ್ರೈಸ್ತಮತಕ್ಕೆ ಸಂಬಂಧಿಸದ ಪುಸ್ತಕಗಳ ಆಮದಿಗೆ ಅಪ್ಪಣೆ ದೊರೆತ ಮೇಲೆ 'ಡಚ್ಚು ವಿದ್ಯೆ' ಎಂಬ ಒಂದು ಶಾಸ್ತ್ರವೇ ಬೆಳೆಯಿತು. 1787ರಲ್ಲಿ ಮೊರಿಷಿಮ ಚೂರ್ಯೋ ಎಂಬವನು ಡಚ್ಚರ ರೀತಿನೀತಿಗಳನ್ನು ಚಿತ್ರಸಮೇತ ವಿವರಿಸುವ ಹೊತ್ತಗೆಯನ್ನು ಹೊರಡಿಸಿದನು. 1795ರ ಜನವರಿ ಮೊದಲ ದಿನ ಎದೊ ನಗರದಲ್ಲಿ ಓತ್ಸುಕಿ ಗೆಂತಾಕು ಎಂಬ ವೈದ್ಯನ ಪಾಠಶಾಲೆಯಲ್ಲಿ ವಿದ್ವಾಂಸರು ಕೂಡಿ, ಮೇಜಿನ ಮೇಲೆ ಚೂರಿ, ಮುಳ್ಳುಚಮಚ, ಗಾಜಿನ ಬಟ್ಟಲುಗಳನ್ನಿಟ್ಟು ಡಚ್ಚರ ಹೊಸವರ್ಷವನ್ನು ಆಚರಿಸಿದರು. ಆ ಕೂಟದ ಚಿತ್ರವು ಉಳಿದುಬಂದಿದೆ. ಒಟ್ಟಿನಲ್ಲಿ ಜ್ಞಾನವಿತ್ತು, ಆದರೆ ಅದು ಪ್ರಾಯಸ್ಥರ ಜ್ಞಾನ, ವೈದ್ಯರ ಮತ್ತು ಅಧಿಕಾರಿಗಳ ಜ್ಞಾನ. ಮಕ್ಕಳ ಬಳಿಗೆ ಅದು ಬಂದಿರಲಿಲ್ಲ.

ಮಕ್ಕಳು ಕಲಿಯುತ್ತಿದ್ದುದು 'ತೆರಕೋಯ' ಎಂಬ ಊರಮಠಗಳಲ್ಲಿ. ಅಲ್ಲಿಯ ಪಾಠಪುಸ್ತಕಗಳಿಗೆ 'ಓರಾಯಿಮೊನೊ' ಎಂದು ಹೆಸರು. ಮೊದಲು ಇವು ಹೋಗುವ ಕಾಗದ, ಬರುವ ಕಾಗದಗಳ ಮಾದರಿಗಳಾಗಿದ್ದು, ಕಾಲಕ್ರಮದಲ್ಲಿ ವ್ಯಾಪಾರ, ಬೇಸಾಯ, ಸ್ಥಳವರ್ಣನೆ ಮುಂತಾದ ಎಲ್ಲ ವಿಷಯಗಳನ್ನೂ ಒಳಕೊಂಡುವು. ಗುರುವು ಬರೆದುಕೊಟ್ಟ ಮೇಲ್ಪಂಕ್ತಿಯನ್ನು ಕುಂಚದಿಂದ ತಿದ್ದುತ್ತ, ತಿದ್ದಿದುದನ್ನು ಗಟ್ಟಿಯಾಗಿ ಓದುತ್ತ, ಬಾಲಕನು ಅಕ್ಷರವನ್ನೂ ವಿಷಯವನ್ನೂ ಒಟ್ಟಿಗೆ ಸಂಪಾದಿಸುತ್ತಿದ್ದನು. ಕನ್ನಡನಾಡಿನ ಕೂಲಿಮಠಗಳಲ್ಲಿ ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿದವರಿಗೆ ಈ ಕ್ರಮವನ್ನು ವಿವರಿಸಬೇಕಾದುದಿಲ್ಲ. ಎದೊ ಪಟ್ಟಣದ ಕೇರಿಗಳನ್ನು ದಿಕ್ಕಿನ ಕ್ರಮದಿಂದ ಹೆಸರಿಸುವ 'ಎದೊ ಹೋಗಾಕು' ಎಂಬುದೂ, ಎದೊವಿನಿಂದ ಕ್ಯೋತೊವಿಗೆ ಹೋಗುವ ತೋಕಾಯಿದೋ ಹೆದ್ದಾರಿಯ 53 ತಂಗುದಾಣಗಳನ್ನು ಏಳು ಐದು ಮಾತ್ರೆಯ ಪಾದಗಳಲ್ಲಿ ಪೋಣಿಸಿದ 'ಮಿಯಾಕೊಜಿ' ಎಂಬುದೂ ಇಂತಹ ಮೇಲ್ಪಂಕ್ತಿಗಳು. ಹೆದ್ದಾರಿಯನ್ನು ಒಮ್ಮೆಯೂ ತುಳಿಯದ ಹಳ್ಳಿಯ ಹುಡುಗನ ನಾಲಗೆಯ ಮೇಲೂ ಆ ಐವತ್ತಮೂರು ಹೆಸರುಗಳು ಕುಣಿಯುತ್ತಿದ್ದುವು. ಇದೇ ಫುಕುಜಾವನು ಹಿಡಿದ ಸೂತ್ರ. ದಾರಿಯ ಊರುಗಳನ್ನು ಹಾಡಬಲ್ಲ ಮಗು ಪ್ರಪಂಚದ ದೇಶಗಳನ್ನು ಏಕೆ ಹಾಡಲಾರದು?

ಫುಕುಜಾವನು 1835ರಲ್ಲಿ ಕೆಳದರ್ಜೆಯ ಸಾಮುರಾಯಿ ಮನೆತನವೊಂದರಲ್ಲಿ ಜನಿಸಿದನು. ನಾಗಸಾಕಿಯಲ್ಲಿಯೂ, ಒಸಾಕದಲ್ಲಿ ಓಗತ ಕೋಆನ್ ಎಂಬ ವೈದ್ಯನ ಗುರುಕುಲದಲ್ಲಿಯೂ ಡಚ್ಚು ಭಾಷೆಯನ್ನು ಕಷ್ಟಪಟ್ಟು ಕಲಿತನು. 1859ರಲ್ಲಿ ಹೊಸದಾಗಿ ತೆರೆದ ಯೊಕೊಹಾಮ ಬಂದರಿಗೆ ನಡೆದುಹೋಗಿ ನೋಡಲಾಗಿ, ಅಂಗಡಿಗಳ ಫಲಕಗಳನ್ನು ಓದಲಾರದೆ, ವರ್ತಕರ ಮಾತನ್ನು ತಿಳಿಯಲಾರದೆ, ತಾನು ಇಷ್ಟು ಕಾಲ ಕಲಿತ ಭಾಷೆಗೆ ಅಲ್ಲಿ ಬೆಲೆಯಿಲ್ಲವೆಂದು ಕಂಡುಕೊಂಡನು. ಮರುದಿನವೇ ಇಂಗ್ಲೀಷನ್ನು ಹಿಡಿದನು. 1860ರಲ್ಲಿ ಕಾನ್ರಿನ್ ಮಾರು ಎಂಬ ಹಡಗಿನಲ್ಲಿ ಸಾನ್‌ಫ್ರಾನ್ಸಿಸ್ಕೋವಿಗೆ ಹೋದನು. 1862ರಲ್ಲಿ ರಾಯಭಾರಿಗಳ ಸಂಗಡ ಹಾಂಗ್‌ಕಾಂಗ್, ಸಿಂಗಾಪುರ, ಸಿಂಹಳ, ಏಡನ್ನುಗಳ ಮಾರ್ಗವಾಗಿ ಯೂರೋಪಿಗೆ ಹೋದನು. ಸೂಯೆಜ್ ಕಾಲುವೆಯು ತೆರೆದುದು 1869ರಲ್ಲಿ. ಆದುದರಿಂದ ಆ ಪ್ರಯಾಣಿಕರು ಸೂಯೆಜಿನಲ್ಲಿ ಹಡಗಿನಿಂದಿಳಿದು ರೈಲಿನಲ್ಲಿ ಕೈರೋವಿಗೆ ಹೋಗಬೇಕಾಯಿತು.

ಈ ಯಾತ್ರೆಗಳನ್ನು ಕುರಿತು ತನ್ನ ಮುಪ್ಪಿನಲ್ಲಿ ಹೇಳಿ ಬರೆಯಿಸಿದ ಆತ್ಮಕಥೆಯಲ್ಲಿ ಅವನು ಕೊಡುವ ವಿವರಗಳು ಬಹಳ ಬೋಧಪ್ರದವಾಗಿವೆ. ಅಮೇರಿಕದವರು ತಂತಿವರ್ತಮಾನವನ್ನೂ ಕಾರ್ಖಾನೆಗಳನ್ನೂ ಉತ್ಸಾಹದಿಂದ ತೋರಿಸಿದರಂತೆ. ಅವುಗಳ ತತ್ತ್ವವನ್ನು ಡಚ್ಚು ಪುಸ್ತಕಗಳಲ್ಲಿ ಓದಿದ್ದವನಿಗೆ ಅದರಿಂದ ವಿಸ್ಮಯವಾಗಲಿಲ್ಲ. ಅವನು ಬೆರಗಾದುದು ಬೇರೆ ವಿಷಯಗಳಲ್ಲಿ. ಎದೊವಿನಲ್ಲಿ ಶ್ರೀಮಂತರು ಅಂಗೈಯಗಲ ಕೊಂಡು ಕೈಚೀಲಕ್ಕೆ ಹಾಕಿಸಿಕೊಳ್ಳುವಂತಹ ಬೆಲೆಯುಳ್ಳ ರತ್ನಗಂಬಳಿಯನ್ನು ಇಡೀ ಕೊಠಡಿಗೆ ಹಾಸಿ ಅದರ ಮೇಲೆ ಬೀದಿಯ ಕೆರದೊಡನೆ ನಡೆಯುತ್ತಿದ್ದರು! ಕುದುರೆ ಕಟ್ಟಿದ್ದ ಗಾಡಿಯು ಚಲಿಸುವವರೆಗೂ ಅದು ಗಾಡಿಯೆಂದೇ ಅವನಿಗೆ ಹೊಳೆಯಲಿಲ್ಲ. ವಾಷಿಂಗ್‌ಟನ್ನನ ವಂಶಸ್ಥರು ಈಗ ಏನು ಮಾಡುತ್ತಾರೆಂದು ಕೇಳಿದರೆ ಉತ್ತರ ಹೇಳುವವರೇ ಇರಲಿಲ್ಲ. ರಾಜ್ಯಸ್ಥಾಪಕನ ಸಂತತಿಯನ್ನು ಜನರು ಮರೆಯಬಹುದೆಂಬುದು ಷೋಗನರ ಪ್ರಜೆಗೆ ಊಹಾತೀತವಾಗಿತ್ತು. ಯಂತ್ರದ ರಹಸ್ಯವು ಗ್ರಂಥಗಳಲ್ಲಿ ದೊರೆಯುತ್ತದೆ, ದಿನಚರಿಯ ರಹಸ್ಯವು ದೊರೆಯುವುದಿಲ್ಲವೆಂದು ಅವನು ಅರಿತನು. ಆ ದೇಶದವರಿಗೆ ಅದು ತೀರ ಸುಲಭವಾಗಿರುವುದರಿಂದ ಅವರು ಬರೆಯುವುದೇ ಇಲ್ಲ. ಆದಕಾರಣ ಯೂರೋಪಿನಲ್ಲಿ ಆಸ್ಪತ್ರೆಗೆ ಹಣವೆಲ್ಲಿಂದ ಬರುತ್ತದೆ, ಅಂಚೆ ಹೇಗೆ ನಡೆಯುತ್ತದೆ, ಬ್ಯಾಂಕು ಎಂದರೇನು, ಪರಸ್ಪರ ವಿರೋಧಿಗಳಾದ ಪಕ್ಷದವರು ಒಂದೇ ಮೇಜಿನಲ್ಲಿ ಹೇಗೆ ಊಟಮಾಡುತ್ತಾರೆ ಎಂಬ ಪ್ರಶ್ನೆಗಳನ್ನೇ ಕೇಳುತ್ತ ತಿರುಗಿದನು. ಇವುಗಳ ಫಲವೇ 1866ರಲ್ಲಿ ಮೊದಲ ಭಾಗ ಹೊರಟ 'ಸೆಯಿಯೋ ಜಿಜೋ', ಎಂದರೆ ಪಾಶ್ಚಾತ್ಯ ದೇಶಗಳ ಸ್ಥಿತಿಗತಿ. ಆ ಭಾಗದ ಒಂದೂವರೆ ಲಕ್ಷ ಪ್ರತಿಗಳು ತನ್ನ ಕಡೆಯಿಂದಲೇ ಹೋದುವೆಂದು ಗ್ರಂಥಕರ್ತನ ಲೆಕ್ಕ, ಕಳ್ಳಮುದ್ರಣಗಳು ಬೇರೆ.

ಅದರ ಮರುವರ್ಷ, 1867ರಲ್ಲಿ, ತನ್ನ ಶಿಷ್ಯನೊಬ್ಬನ ಹೆಸರಿನಲ್ಲಿ ಅವನು ಹೊರಡಿಸಿದ 'ಸೆಯಿಯೋ ಇಷೊಕುಜೂ' ಎಂಬ ಕಿರುಹೊತ್ತಗೆಯು ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಇದು ಅನ್ಯಾಯ. ಪಾಶ್ಚಾತ್ಯರ ಉಡುಗೆ, ಊಟ, ಮನೆ ಎಂಬ ಮೂರೇ ವಿಷಯಗಳು; ಕೆಲವೇ ಪುಟಗಳು; ಪುಟಪುಟಕ್ಕೂ ಚಿತ್ರ. ಒಳ ಅಂಗಿ, ಷರಾಯಿ, ಅದನ್ನು ಹೆಗಲಿಗೆ ತೂಗುಹಾಕುವ ಪಟ್ಟಿ, ನಡುವಂಗಿ, ಕೋಟು ಇವುಗಳನ್ನು ಬಿಡಿಬಿಡಿಯಾಗಿ ಬರೆದು ತೋರಿಸಿದೆ. ಪಾಶ್ಚಾತ್ಯರು ಊಟಕ್ಕೆ ಕಡ್ಡಿಗಳನ್ನು ಬಳಸದೆ ಬಲಗೈಯ ಚೂರಿಯಿಂದ ಮಾಂಸವನ್ನು ಕೊಯ್ದು ಎಡಗೈಯ ಮುಳ್ಳಿನಿಂದ ತಿನ್ನುವರೆಂದೂ, ಚೂರಿಯ ತುದಿಯಿಂದಲೇ ಬಾಯಿಗಿಟ್ಟುಕೊಳ್ಳುವುದು ದೊಡ್ಡ ಅಮರ್ಯಾದೆಯೆಂದೂ ಎಚ್ಚರಿಸಿದೆ. ಬೀರೆಂಬ ಪಾನವು ಕಹಿಯಾದರೂ ಎದೆಯನ್ನು ಹಗುರಮಾಡುತ್ತದೆಂದು ಶಿಫಾರಸು ಮಾಡಿದೆ. ಮಂಚ, ಮುಖ ತೊಳೆಯುವ ಬೋಗುಣಿ, ರಾತ್ರಿಯಲ್ಲಿ ಮಂಚದಡಿ ಇಡುವ ಮೂತ್ರದ ಪಾತ್ರೆ ಇವನ್ನೂ ಬಿಟ್ಟಿಲ್ಲ. ಗಡಿಯಾರದ ಮುಖವನ್ನು ಬರೆದು, ಗಂಟೆಯನ್ನು ಓದುವ ರೀತಿಯನ್ನು ವಿವರಿಸಿದುದಂತೂ ಬಹಳ ಉಪಯುಕ್ತ. ಏಕೆಂದರೆ ಜಪಾನಿನಲ್ಲಿ ಆಗ ಹಗಲನ್ನು ಆರು ಭಾಗವಾಗಿಯೂ ಇರುಳನ್ನು ಆರು ಭಾಗವಾಗಿಯೂ ಬೇರೆಬೇರೆ ಹಂಚುತ್ತಿದ್ದುದರಿಂದ, ಋತುವಿಗೆ ತಕ್ಕಂತೆ ಒಂದೊಂದು ಜಾವವೂ ಹಿಗ್ಗಿ ಕುಗ್ಗುತ್ತಿತ್ತು. ಬೇಸಗೆಗೂ ಚಳಿಗಾಲಕ್ಕೂ ಒಂದೇ ಅಳತೆಯ ಗಂಟೆಯೆಂಬುದು ಅಲ್ಲಿ ರೂಢಿಗೆ ಬಂದುದು 1873ರಲ್ಲಿ. ಪರದೇಶದ ದಿನಚರಿಯನ್ನು ಕಲಿಯುವುದೆಂದರೆ ಮೊದಲು ಪರದೇಶದ ದಿನವನ್ನೇ ಕಲಿಯಬೇಕಾಗಿತ್ತು.

1867ರಲ್ಲಿ ಅಮೇರಿಕಕ್ಕೆ ಎರಡನೆಯ ಸಲ ಹೋದಾಗ ಫುಕುಜಾವನು ನಿಘಂಟು, ಭೂಗೋಳ, ಚರಿತ್ರೆಗಳ ಶಾಲಾಪುಸ್ತಕಗಳನ್ನು ಮೂಟೆಮೂಟೆಯಾಗಿ ಕೊಂಡುತಂದನು. ಅದುವರೆಗೆ ವಿದ್ಯಾರ್ಥಿಗಳು ಒಂದೇ ಪ್ರತಿಯನ್ನು ಸರದಿಯ ಮೇಲೆ ಕೈಯಿಂದ ನಕಲುಮಾಡಿಕೊಳ್ಳುತ್ತಿದ್ದರು. ಇನ್ನು ಒಬ್ಬೊಬ್ಬನಿಗೆ ಒಂದೊಂದು ಅಚ್ಚಿನ ಪುಸ್ತಕ ದೊರೆಯಿತು. ಇಂತಹ ಅಮೇರಿಕದ ಶಾಲಾಭೂಗೋಳಗಳೇ 'ಸೆಕಾಯಿ ಕುನಿಜುಕುಷಿ'ಗೆ ಆಕರಗಳು. ಹೆಸರಿಗೆ 'ಪ್ರಪಂಚದ ದೇಶಗಳೆಲ್ಲವೂ' ಎಂದರ್ಥ. ಆರು ಸಂಪುಟಗಳು: ಏಷ್ಯ, ಆಫ್ರಿಕ, ಯೂರೋಪು, ಉತ್ತರ ಅಮೇರಿಕ, ದಕ್ಷಿಣ ಅಮೇರಿಕ ಮತ್ತು ಸಾಗರದ್ವೀಪಗಳು, ಕೊನೆಗೆ ಪರಿಶಿಷ್ಟ. ಪದ್ಯವನ್ನು ಲಿಪಿಕಾರನೊಬ್ಬನಿಂದ ಮೇಲ್ಪಂಕ್ತಿಯ ದಪ್ಪ ಕೂಡಕ್ಷರದಲ್ಲಿ ಬರೆಯಿಸಿ, ಪುಟದ ನೆತ್ತಿಯಲ್ಲಿ ಸಣ್ಣ ಅಕ್ಷರದ ಗದ್ಯಟಿಪ್ಪಣಿಯನ್ನೂ ಚಿತ್ರಗಳನ್ನೂ ಸೇರಿಸಿದೆ. ಮಗುವು ಕೆಳಗಿನದನ್ನು ತಿದ್ದಿ ಹಾಡುವುದು. ಮೇಲಿನದನ್ನು ಗುರುವು ನೋಡಿ ವಿವರಿಸುವುದು. ಭೂಗೋಳವನ್ನು ತಾನೂ ಈಗಲೇ ಕಲಿಯುತ್ತಿರುವ ಗುರುವಿಗೆ ಈ ಏರ್ಪಾಡಿನಿಂದ ಎಷ್ಟು ಉಪಕಾರವಾಯಿತೆಂಬುದನ್ನು ಉಪಾಧ್ಯಾಯರು ಚೆನ್ನಾಗಿ ಬಲ್ಲರು.

ಪದ್ಯದ ನಡೆಯು ಪ್ರಯಾಣದ ನಡೆ. ಜಪಾನಿನಿಂದ ಹೊರಟು ಪಡುವಲಿಗೆ ತಿರುಗಿ ಚೀನ, ಹಿಂದೂಸ್ಥಾನ, ಪಾರಸೀಕ, ಅರಬಸ್ಥಾನಗಳನ್ನು ದಾಟಿ, ಆಫ್ರಿಕವನ್ನು ಸುತ್ತಿ, ಯೂರೋಪನ್ನು ಸೇರಿ, ಅಟ್ಲಾಂಟಿಕ್ ಸಾಗರದಾಚೆಯ ಅಮೇರಿಕಗಳನ್ನು ನೋಡಿ, ಶಾಂತಸಾಗರದ ದ್ವೀಪಗಳ ಮೂಲಕ ಹಿಂದಿರುಗುವುದು. ಭೂಮಿಯು ಗುಂಡೆಂಬುದನ್ನು ಪರಿಶಿಷ್ಟದಲ್ಲಿ ತರ್ಕದಿಂದ ಹೇಳಿದೆಯಾದರೂ, ಹಾಡಿನ ದಾರಿಯೇ ಅದನ್ನು ಮೊದಲು ತೋರಿಸಿಬಿಡುತ್ತದೆ. ಹಿಡಿದ ದಿಕ್ಕನ್ನು ಬಿಡದೆ ನಡೆದವನು ಹೊರಟ ಮನೆಗೇ ಬರುತ್ತಾನೆ. ಹೆದ್ದಾರಿಯ ಪದ್ಯಕ್ಕೆ ಒಂದು ತುದಿಯಿತ್ತು; ಇದಕ್ಕಿಲ್ಲ. ಮೇಲ್ಪಂಕ್ತಿಯ ಹಳೆಯ ಅಚ್ಚಿನಲ್ಲಿ ಹೊಸ ವಿಷಯವನ್ನು ಎರೆಯುವುದರಲ್ಲಿ ಫುಕುಜಾವನ ಜಾಣ್ಮೆಯು ಇಲ್ಲಿ ಶಿಖರವನ್ನು ಮುಟ್ಟಿದೆಯೆಂದರೆ ಅತಿಶಯೋಕ್ತಿಯಲ್ಲ.

ಆದರೆ ಈ ಪ್ರಯಾಣವು ನಿಷ್ಪಕ್ಷಪಾತವಾದುದಲ್ಲ. ಚೀನವು ಪುರಾತನವಾದ ನಾಡು, ನೀತಿಗೆ ಹೆಸರಾದ ನಾಡು. ಆದರೆ ಮುಂದುವರಿಯದೆ ಹಿಮ್ಮೆಟ್ಟಿತು, ಅಫೀಮಿನ ಜಗಳದಲ್ಲಿ ಇಂಗ್ಲೀಷರಿಗೆ ಸೋತಿತು ಎಂದು ಮಕ್ಕಳು ಹಾಡಬೇಕು. ಹಿಂದೂಸ್ಥಾನವು ಇಂಗ್ಲೀಷರ ಅಧೀನವಾದ ದೇಶವಾಗಿ ಬರುತ್ತದೆ. ಆಫ್ರಿಕವು ಈಜಿಪ್ತೇ ಮೊದಲಾದ ಕೆಲವು ಕಡೆಗಳನ್ನು ಬಿಟ್ಟರೆ ಕತ್ತಲೆಯೇ. ಯೂರೋಪಿಗೆ ಬಂದಾಗ ಪದ್ಯಕ್ಕೆ ಉಸಿರು ಬರುತ್ತದೆ. ಪರಿಶಿಷ್ಟದಲ್ಲಿ ಭೂಗೋಳವನ್ನು ಆಕಾಶಕ್ಕೆ ಸಂಬಂಧಿಸಿದುದು, ನಿಸರ್ಗಕ್ಕೆ ಸಂಬಂಧಿಸಿದುದು, ಮನುಷ್ಯರಿಗೆ ಸಂಬಂಧಿಸಿದುದು ಎಂದು ವಿಂಗಡಿಸಿ, ಮೂರನೆಯದರಲ್ಲಿ ಜನಾಂಗಗಳಿಗೆ ನಾಲ್ಕು ಮೆಟ್ಟಿಲುಗಳನ್ನು ಕಟ್ಟಿದೆ: ಮೃಗಪ್ರಾಯವಾದ ಸ್ಥಿತಿ, ಅನಾಗರಿಕ ಸ್ಥಿತಿ, ಅರೆನಾಗರಿಕ ಸ್ಥಿತಿ, ನಾಗರಿಕತೆ. ಈ ಮೆಟ್ಟಿಲುಗಳು ಅವನ ಸ್ವಂತ ಕಲ್ಪನೆಯಲ್ಲ. ಆ ಕಾಲದ ಅಮೇರಿಕದ ಮಕ್ಕಳು ಮಿಚೆಲ್ಲನ ಭೂಗೋಳವೇ ಮುಂತಾದವುಗಳಲ್ಲಿ ಓದುತ್ತಿದ್ದುದೂ ಇದನ್ನೇ. ತನ್ನನ್ನು ಕೀಳೆಂದು ಎಣಿಸಿದ ಅಳತೆಗೋಲನ್ನು ಅಳೆಸಿಕೊಂಡವನೇ ಎತ್ತಿಕೊಂಡು ತನ್ನ ಮಕ್ಕಳ ಕೈಗೆ ಕೊಟ್ಟನು.

ಇಲ್ಲಿ ಸೂಕ್ಷ್ಮವಾದ ಒಂದು ಅಂಶವಿದೆ. ಅರೆನಾಗರಿಕ ದೇಶಗಳಿಗೆ ಉದಾಹರಣೆಯಾಗಿ ಚೀನ, ತುರ್ಕಿ, ಪಾರಸೀಕಗಳ ಹೆಸರನ್ನು ಹೇಳಿದೆ. ಜಪಾನಿನ ಹೆಸರನ್ನು ಹೇಳಿಲ್ಲ. ಆರು ವರ್ಷಗಳ ಮೇಲೆ, 1875ರಲ್ಲಿ, ಪ್ರಾಯಸ್ಥರಿಗಾಗಿ ಬರೆದ 'ಬುನ್‌ಮೆಯಿರೊನ್ ನೊ ಗಾಯಿರ್ಯಾಕು' ಎಂಬ ನಾಗರಿಕತೆಯ ವಿವೇಚನಗ್ರಂಥದಲ್ಲಿ ಇದೇ ಫುಕುಜಾವನು ತುರ್ಕಿ, ಚೀನಗಳ ಜತೆಯಲ್ಲಿ ಜಪಾನನ್ನೂ ಅರೆನಾಗರಿಕ ದೇಶವೆಂದು ಸ್ಪಷ್ಟವಾಗಿ ಎಣಿಸುತ್ತಾನೆ. ಈ ದರ್ಜೆಗಳು ಒಂದಕ್ಕೊಂದನ್ನು ಹೋಲಿಸಿ ಹೇಳುವ ಮಾತುಗಳೇ ಹೊರತು ಶಾಶ್ವತವಲ್ಲವೆಂದೂ, ಯೂರೋಪೂ ಪೂರ್ಣತೆಯನ್ನು ಮುಟ್ಟಿಲ್ಲವೆಂದೂ ವಾದಿಸುತ್ತಾನೆ. ದೊಡ್ಡವರಿಗೆ ಸಂದೇಹವನ್ನೂ ವಿವೇಚನೆಯನ್ನೂ ಕೊಟ್ಟವನು ಮಕ್ಕಳಿಗೆ ಮೆಟ್ಟಿಲನ್ನು ಮಾತ್ರ ಕೊಟ್ಟು, ತಮ್ಮ ದೇಶವು ಯಾವ ಮೆಟ್ಟಿಲಿನಲ್ಲಿದೆಯೆಂಬುದನ್ನು ಮೌನದಲ್ಲಿ ಬಿಟ್ಟನು. ಅದು ಕರುಣೆಯೋ ಉಪಾಯವೋ ನಿರ್ಣಯಿಸುವುದು ಸುಲಭವಲ್ಲ. ಪದ್ಯದ ಗುಣವೂ ದೋಷವೂ ಒಂದೇ ಆಗಿದೆ: ಒಮ್ಮೆ ನಾಲಗೆಗೆ ಹತ್ತಿದುದು ಪ್ರಶ್ನೆಗೆ ಎಡೆಗೊಡುವುದಿಲ್ಲ. ಗದ್ಯದಲ್ಲಿ ಓದಿದ ಅಭಿಪ್ರಾಯವನ್ನು ಮುಂದೆ ಬದಲಾಯಿಸಬಹುದು. ಏಳನೆಯ ವಯಸ್ಸಿನಲ್ಲಿ ಹಾಡಿದ ಚೀನವನ್ನು ಬದಲಾಯಿಸುವುದು ಕಷ್ಟ. 1885ರ ಮಾರ್ಚಿಯಲ್ಲಿ ಫುಕುಜಾವನ ವೃತ್ತಪತ್ರಿಕೆಯಾದ 'ಜಿಜಿ ಷಿಂಪೋ'ದಲ್ಲಿ ಏಷ್ಯದ ನೆರೆಹೊರೆಯನ್ನು ಬಿಟ್ಟುಬಿಡಬೇಕೆಂದು ಸಾರುವ ಲೇಖನವೊಂದು ಹೆಸರಿಲ್ಲದೆ ಅಚ್ಚಾಯಿತು. ಅದು ಅವನದೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಅದನ್ನು ಓದಿದ ತರುಣರಲ್ಲಿ ಅನೇಕರು ಈ ಹಾಡನ್ನು ಹಾಡಿ ಬೆಳೆದವರೇ ಆಗಿದ್ದರೆಂಬುದನ್ನು ಮರೆಯಲಾಗದು.

1872ರ ವಿದ್ಯಾಶಾಸನವು ದೇಶವನ್ನು ವಿಭಾಗ ವಿಭಾಗಗಳಾಗಿ ಹಂಚಿ 53,760 ಪ್ರಾಥಮಿಕ ಶಾಲೆಗಳನ್ನು ಕಾಗದದ ಮೇಲೆ ಕಟ್ಟಿತು. ಅಷ್ಟು ಶಾಲೆಗಳು ಏಳಲಿಲ್ಲ. ಶುಲ್ಕದ ಭಾರವನ್ನು ಹೊರಲಾರದೆ ಕೆಲವೆಡೆ ರೈತರು ದಂಗೆಯೆದ್ದು ಹೊಸ ಶಾಲೆಗಳನ್ನು ಸುಟ್ಟುದೂ ಉಂಟು. ಶಾಸನದ ಮೊದಲ ವರ್ಷಗಳಲ್ಲಿ 'ಸೆಕಾಯಿ ಕುನಿಜುಕುಷಿ'ಯೇ ಪಠ್ಯವಾಗಿ ನಡೆಯಿತು. ಅದರ ಮೇಲ್ದರ್ಜೆಗೆ, ಹಾಲೆಂಡಿನಲ್ಲಿ ಕಲಿತುಬಂದಿದ್ದ ಉಚಿದ ಮಸಾವೊ 1870ರಿಂದ ಬಿಡಿಬಿಡಿಯಾಗಿ ಹೊರಡಿಸಿದ 'ಯೊಚಿ ಷಿರ್ಯಾಕು' ಎಂಬ ದೊಡ್ಡ ಗದ್ಯಭೂಗೋಳವಿದ್ದಿತು.

ಪುಸ್ತಕದಿಂದ ಕಲಿತ ಮಕ್ಕಳ ಮಾತು ಹಾಗಿರಲಿ. ಅದೇ ಸಮಯದಲ್ಲಿ ಸರ್ಕಾರವು ಐವರು ಹೆಣ್ಣುಮಕ್ಕಳನ್ನು ಪರದೇಶದ ದಿನಚರಿಯನ್ನು ಅಲ್ಲಿಯೇ ಬಾಳಿ ಕಲಿತು ಬನ್ನಿರೆಂದು ಕಳುಹಿಸಿಕೊಟ್ಟಿತು. ಹೊಕ್ಕಾಯಿದೋ ಪ್ರಾಂತದ ಅಭಿವೃದ್ಧಿ ಇಲಾಖೆಯ ಕುರೊದ ಕಿಯೊತಾಕನು ಅಮೇರಿಕದ ಸ್ತ್ರೀಯರ ಸ್ಥಿತಿಯನ್ನು ಕಂಡು ಬಂದು ಮಾಡಿದ ಸೂಚನೆಯಿದು; ಅವಧಿ ಹತ್ತು ವರ್ಷ. 1871ರ ಡಿಸೆಂಬರ್ 23ರಲ್ಲಿ ಇವಾಕುರನ ರಾಯಭಾರದೊಡನೆ ಅವರು ಯೊಕೊಹಾಮದಿಂದ ಉಗಿಹಡಗನ್ನು ಹತ್ತಿದರು. ಅತ್ಯಂತ ಕಿರಿಯಳಾದ ತ್ಸುದ ಉಮೆಕೊವಿಗೆ ಏಳು ತುಂಬಲು ಇನ್ನೂ ಎಂಟು ದಿನವಿತ್ತು. ಆಕೆಯ ತಂದೆ ತ್ಸುದ ಸೆನ್ ಎಂಬವನು 1867ರಲ್ಲಿ ಫುಕುಜಾವನ ಸಂಗಡಿಗನಾಗಿ ಅಮೇರಿಕಕ್ಕೆ ಹೋಗಿಬಂದವನು. ಐವರೂ ಅಂತಃಕಲಹದಲ್ಲಿ ಸೋತ ಷೋಗನನ ಪಕ್ಷದ ಮನೆತನದವರೆಂಬುದು ಆಕಸ್ಮಿಕವಲ್ಲ; ಗೆದ್ದವರು ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲು ಮುಂದೆ ಬರಲಿಲ್ಲ. ಹನ್ನೊಂದು ವರ್ಷದ ಯಾಮಕಾವ ಸಾಕಿಕೊ 1868ರಲ್ಲಿ ಐಜು ಕೋಟೆಯ ಮುತ್ತಿಗೆಯೊಳಗೆ ಸಿಕ್ಕಿ ಬದುಕಿದವಳು. ಹೊರಡುವಾಗ ತಾಯಿ ಆಕೆಯ ಹೆಸರನ್ನೇ ಸುತೆಮಾತ್ಸು ಎಂದು ಬದಲಾಯಿಸಿದಳು: ಬಿಸುಟು ಕಾಯುವೆನು ಎಂಬ ಧ್ವನಿ ಅದರಲ್ಲಿದೆ.

ಇಬ್ಬರು ಹಿರಿಯ ಹುಡುಗಿಯರು ಮರುವರ್ಷವೇ ಹಿಂದಿರುಗಿದರು. ಉಳಿದ ಮೂವರು ಬೇರೆಬೇರೆ ಮನೆಗಳಲ್ಲಿ ಮಕ್ಕಳಂತೆ ಬೆಳೆದರು. ಉಮೆಕೊ ಜಾರ್ಜ್‌ಟೌನಿನ ಲ್ಯಾನ್‌ಮನ್ ದಂಪತಿಗಳ ಮನೆಯಲ್ಲಿ, ಸುತೆಮಾತ್ಸು ನ್ಯೂಹೇವನ್ನಿನ ಬೇಕನ್ ಪಾದ್ರಿಯ ಮನೆಯಲ್ಲಿ, ನಾಗಾಯಿ ಷಿಗೆಕೊ ಫೇರ್‌ಹೇವನ್ನಿನ ಆಬಟ್ಟರ ಮನೆಯಲ್ಲಿ. ಸುತೆಮಾತ್ಸು 1882ರಲ್ಲಿ ವ್ಯಾಸರ್ ಕಾಲೇಜಿನಿಂದ ಪದವಿಯನ್ನು ಪಡೆದಳು. ಜಪಾನಿನ ಸ್ತ್ರೀಯರಲ್ಲಿ ಪದವೀಧರೆಯಾದವರಲ್ಲಿ ಈಕೆಯೇ ಮೊದಲಿಗಳು. ಅದೇ ವರ್ಷದ ನವೆಂಬರಿನಲ್ಲಿ ಈಕೆಯೂ ಉಮೆಕೊವೂ ತಾಯ್ನಾಡಿಗೆ ಬಂದರು. ಬಂದವರನ್ನು ಕೇಳುವವರಿರಲಿಲ್ಲ. ಕಳುಹಿಸಿದ ಇಲಾಖೆಯೇ ಆ ವರ್ಷದ ಮೊದಲಲ್ಲಿ ರದ್ದಾಗಿಹೋಗಿತ್ತು. ಹತ್ತು ವರ್ಷ ಕಲಿತ ಹೆಣ್ಣುಮಕ್ಕಳಿಂದ ಯಾವ ಕೆಲಸವನ್ನು ತೆಗೆದುಕೊಳ್ಳಬೇಕೆಂಬ ಯೋಚನೆಯನ್ನು ಯಾರೂ ಮಾಡಿರಲಿಲ್ಲ. ಸುತೆಮಾತ್ಸು 1883ರಲ್ಲಿ ಸೇನಾಧಿಪತಿ ಓಯಾಮ ಇವಾವೊವನ್ನು ವಿವಾಹವಾದಳು. ಆಕೆಯ ಬಾಲ್ಯದ ಕೋಟೆಯ ಮೇಲೆ ಫಿರಂಗಿ ಹಾರಿಸಿದ ಸೈನ್ಯದಲ್ಲಿ ಅವನೂ ಇದ್ದವನು.

ಉಮೆಕೊವಿನ ಸ್ಥಿತಿಯು ಇನ್ನೂ ವಿಚಿತ್ರವಾಗಿತ್ತು. ಮಾತೃಭಾಷೆಯು ಪೂರ್ತಿಯಾಗಿ ಮರೆತುಹೋಗಿತ್ತು. ಹೆತ್ತ ತಾಯಿಯೊಡನೆ ಮಾತನಾಡಲು ದುಭಾಷಿ ಬೇಕಾಯಿತು. ಏಳರಿಂದ ಹದಿನೇಳರವರೆಗೆ ಒಂದು ದೇಶವನ್ನು ಅಷ್ಟು ಚೆನ್ನಾಗಿ ಕಲಿತವಳು ಇನ್ನೊಂದನ್ನು ಅಷ್ಟೇ ಚೆನ್ನಾಗಿ ಕಳೆದುಕೊಂಡಿದ್ದಳು. ಹಾಡಿನಿಂದ ಕಲಿತ ಮಕ್ಕಳಿಗೆ ಪ್ರಪಂಚವನ್ನು ಸುತ್ತಿದವರು ಹೊರಟ ಮನೆಗೇ ಬರುವರೆಂದು ಗೊತ್ತಿತ್ತು. ಈ ಬಾಲಿಕೆ ಬಂದ ಮನೆಯು ಹೊರಟ ಮನೆಯಾಗಿರಲಿಲ್ಲ. ಆಕೆ ಭಾಷೆಯನ್ನು ಅಕ್ಷರಾಭ್ಯಾಸದಿಂದ ಮೊದಲುಮಾಡಿ ಕಲಿತಳು. 1885ರಿಂದ ಶ್ರೀಮಂತ ಕುಲದ ಕನ್ಯೆಯರ ಶಾಲೆಯಲ್ಲಿ ಇಂಗ್ಲೀಷನ್ನು ಕಲಿಸಿದಳು. 1889ರಿಂದ ಮೂರು ವರ್ಷ ಮತ್ತೆ ಅಮೇರಿಕದ ಬ್ರಿನ್‌ಮಾರ್ ಕಾಲೇಜಿನಲ್ಲಿ ಓದಿದಳು. 1900ರಲ್ಲಿ ಹತ್ತು ಮಂದಿ ವಿದ್ಯಾರ್ಥಿನಿಯರಿಂದ ತೋಕ್ಯೋವಿನಲ್ಲಿ ತನ್ನದೇ ಶಾಲೆಯನ್ನು ತೆರೆದಳು. ಅದು ಇಂದು ತ್ಸುದ ವಿಶ್ವವಿದ್ಯಾಲಯವಾಗಿದೆ. 1984ರಿಂದ ಜಪಾನಿನ ಹತ್ತು ಸಾವಿರ ಯೆನ್ನಿನ ನೋಟಿನ ಮೇಲೆ ಅಚ್ಚಾಗುತ್ತಿದ್ದ ಫುಕುಜಾವನ ಮುಖವು 2024ರ ಹೊಸ ನೋಟುಗಳಲ್ಲಿ ಮರೆಯಾಯಿತು. ಅದೇ ಸಲ ಐದು ಸಾವಿರದ ನೋಟಿನ ಮೇಲೆ ಉಮೆಕೊವಿನ ಮುಖವು ಮೂಡಿತು.

ಪಾಠವು ಇಮ್ಮುಖವಾಗಿ ಹರಿದುದೂ ಈ ಹೆಣ್ಣುಮಕ್ಕಳಿಂದಲೇ. ಸುತೆಮಾತ್ಸುವಿನೊಡನೆ ಒಡಹುಟ್ಟಿನಂತೆ ಬೆಳೆದ ಆಲಿಸ್ ಬೇಕನ್ 1888ರಲ್ಲಿ ಜಪಾನಿಗೆ ಬಂದು ಕನ್ಯಾಶಾಲೆಯಲ್ಲಿ ಒಂದು ವರ್ಷ ಕಲಿಸಿದಳು. 1891ರಲ್ಲಿ ಆಕೆ ಪ್ರಕಟಿಸಿದ 'ಜಪಾನೀ ಬಾಲಿಕೆಯರು ಮತ್ತು ಸ್ತ್ರೀಯರು' ಎಂಬರ್ಥದ ಇಂಗ್ಲೀಷು ಗ್ರಂಥವು ಜನನ, ಶಿಕ್ಷಣ, ವಿವಾಹ, ಮುಪ್ಪು, ಅರಮನೆ, ಹಳ್ಳಿ ಎಂದು ಜಪಾನಿನ ಮನೆವಾರ್ತೆಯನ್ನು ಅಮೇರಿಕದವರಿಗೆ ತಿಳಿಸಿತು. ಅದರ ಹಿಂದೆ ಉಮೆಕೊವಿನ ಶ್ರಮವಿತ್ತು. ಗ್ರಂಥವು ಸುತೆಮಾತ್ಸುವಿಗೆ ಅರ್ಪಿತವಾಯಿತು. ಫುಕುಜಾವನು ಕಡೆಗಣಿಸಲಾಗದೆಂದು ಅರಿತಿದ್ದ ಆ ಸಣ್ಣ ಸಂಗತಿಗಳನ್ನೇ, ಅವನಂತೆ ಎರಡು ತಿಂಗಳ ಅತಿಥಿಯಾಗಿ ನೋಡದೆ, ಎರಡು ಮನೆಗಳಲ್ಲಿಯೂ ಮಗಳಾಗಿದ್ದವರು ಇಲ್ಲಿ ಒದಗಿಸಿದ್ದಾರೆ. ಮೆಟ್ಟಿಲುಗಳ ಮಾತು ಇದರಲ್ಲಿಯೂ ಇಲ್ಲದಿಲ್ಲ. ಆದರೆ ಮನುಷ್ಯರು ಮೆಟ್ಟಿಲಿಗಿಂತ ಮುಂದೆ ಕಾಣುತ್ತಾರೆ.

1984ರಲ್ಲಿ ತ್ಸುದ ಕಾಲೇಜಿನ ಕಟ್ಟಡವೊಂದರ ಅಟ್ಟದ ಮೇಲೆ ಉಮೆಕೊ ತನ್ನ ಅಮೇರಿಕದ ಸಾಕುತಾಯಿ ಲ್ಯಾನ್‌ಮನ್ನಳಿಗೆ ಬರೆದ ನೂರಾರು ಕಾಗದಗಳು ದೊರೆತುವು. ಮೊದಲಿನವು 1882ರವು, ಬಂದಿಳಿದ ಹೊಸದರಲ್ಲಿ ಬರೆದವು. ತನ್ನ ತಂದೆಯ ಮನೆಯಲ್ಲಿ ಜನರು ಏನನ್ನು ಉಡುತ್ತಾರೆ, ಏನನ್ನು ತಿನ್ನುತ್ತಾರೆ, ಹೇಗೆ ಕುಳಿತುಕೊಳ್ಳುತ್ತಾರೆ, ಹೇಗೆ ನಮಸ್ಕರಿಸುತ್ತಾರೆ ಎಂಬುದನ್ನೆಲ್ಲ ಆಕೆ ಅವುಗಳಲ್ಲಿ ಇಂಗ್ಲೀಷಿನಲ್ಲಿ, ಹೊಸದೊಂದು ದೇಶವನ್ನು ಕಂಡವಳಂತೆ, ವಿವರವಾಗಿ ತಿಳಿಸಿದ್ದಾಳೆ.